ಹೆಬ್ಬಲಸಿನ ದೋಣಿ

ಶರಾವತಿ ಹಿನ್ನೀರಿನ ಊರುಗಳ ಬಗ್ಗೆ ಬರೆಯುವವರು ದೋಣಿಯ ಕಥೆಯನ್ನು ಬಿಡುವುದಿಲ್ಲ. ಹೆರಿಗೆ ನೋವು ಶುರುವಾದವಳನ್ನು ರಾತ್ರಿ ದೋಣಿಯಲ್ಲಿ ದಾಟಿಸಿದ್ದು, ಮಳೆಗಾಲದ ಗಾಳಿಗೆ ಸಿಕ್ಕಿ ದಿಕ್ಕು ತಪ್ಪಿದ್ದು, ಶಾಲೆಗೆ ಹೋದ ಮಕ್ಕಳು ವಾಪಸ್ ಬರುವವರೆಗೂ ಅಮ್ಮಂದಿರು ದಡದಲ್ಲಿ ನಿಂತೇ ಇದ್ದದ್ದು. ಎಲ್ಲ ನಿಜ. ನಮ್ಮ ಮನೆಯಲ್ಲೂ ಇಂಥ ಕಥೆಗಳಿವೆ. ಆದರೆ ಈ ಕಥೆಗಳಲ್ಲಿ ದೋಣಿ ಎಲ್ಲಿಂದಲೋ ಬಂದು ದಡಕ್ಕೆ ನಿಂತಿರುತ್ತದೆ. ಅದನ್ನು ಕಟ್ಟಿದವರು ಯಾರು, ಯಾವ ಮರ, ಹಲಗೆ ಬಾಗಿದ್ದು ಹೇಗೆ, ಸಂದಿಯಲ್ಲಿ ನೀರು ಬಾರದ ಹಾಗೆ ಮಾಡಿದ್ದು ಯಾರು? ಇದನ್ನು ಕೇಳಿದವರು ಕಡಿಮೆ.

ನನಗೆ ಇದು ಬಹಳ ದಿನದಿಂದ ಕೊರೆಯುತ್ತಿದ್ದ ಮಾತು. ನಮ್ಮ ಹಿರಿಯರನ್ನು ಬರೀ ಕಷ್ಟಪಟ್ಟವರು ಎಂದು ನೆನೆದರೆ ಅರ್ಧ ಮಾತ್ರ ಹೇಳಿದ ಹಾಗೆ. ಅವರು ಕೆಲಸ ಗೊತ್ತಿದ್ದವರು. ಮನೆಯ ಸುತ್ತ ನೀರು ನಿಂತಾಗ ಆ ನೀರಿಗೆ ತಕ್ಕ ದೋಣಿಯನ್ನು ತಾವೇ ಕಂಡುಕೊಂಡವರು. ಆ ಕೆಲಸ ಬಲ್ಲ ಬಡಗಿ ಆಚಾರ್ರು ಒಬ್ಬರು ನಮ್ಮ ಪಕ್ಕದ ಊರಿನಲ್ಲಿ ಇನ್ನೂ ಇದ್ದಾರೆ. ಕಳೆದ ಚಳಿಗಾಲದಲ್ಲಿ ಅವರನ್ನು ಕರೆತಂದು ನಮ್ಮ ಅಂಗಳದಲ್ಲಿ ಒಂದು ದೋಣಿ ಕಟ್ಟಿಸಿದೆವು. ಕಟ್ಟಿಸಿದೆವು ಅನ್ನುವುದಕ್ಕಿಂತ ಅವರ ಜೊತೆ ನಿಂತು ಕಟ್ಟಿದೆವು. ನಾನು, ನನ್ನ ತಮ್ಮ, ಪಕ್ಕದ ಮನೆಯ ಐಟಿಐ ಓದಿದ ಹುಡುಗ.

ಮೊದಲು ಈ ನೀರಿನ ವಿಷಯ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದೆ ದೋಣಿ ಅರ್ಥವಾಗುವುದಿಲ್ಲ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಜೋಗದಲ್ಲಿ ಧುಮುಕಿ, ಗೇರುಸೊಪ್ಪೆ ದಾಟಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಜೋಗದ ಮೇಲ್ಭಾಗದಲ್ಲಿ ಮೊದಲು ಬಂದದ್ದು ಹಿರೇಭಾಸ್ಕರ ಅಣೆಕಟ್ಟು. ನಮ್ಮ ಕಡೆ ಅದನ್ನು ಮಡೆನೂರು ಡ್ಯಾಮು ಎನ್ನುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರು ಎಷ್ಟು ಮೇಲೆ ಬಂತೆಂದರೆ ಹಳೆಯ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದು ಮತ್ತೆ ಕಾಣಿಸಿಕೊಳ್ಳುತ್ತದೆ, ಜನ ನೋಡಲು ಹೋಗುತ್ತಾರೆ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ತುಂಬಿದರೆ ಸುಮಾರು 151 ಟಿಎಂಸಿ ನೀರು. ಕಣಿವೆಯಲ್ಲಿದ್ದ ಗದ್ದೆ, ತೋಟ, ದಾರಿ ಎಲ್ಲ ಅಡಿಗೆ ಹೋದವು. ಗುಡ್ಡದ ತಲೆಗಳು ದ್ವೀಪಗಳಾದವು. ಕರೂರು, ಬಾರಂಗಿ ಹೋಬಳಿಯವರಿಗೆ ಸಾಗರ ಪೇಟೆ ಕಣ್ಣೆದುರಿನ ನೀರಿನಾಚೆ ದೂರವಾಯಿತು.

ದೋಣಿ ಅದಕ್ಕಿಂತ ಮೊದಲೂ ಇತ್ತು. ಹೊಳೆ ಇದ್ದಲ್ಲಿ ದಾಟುವ ಕಡವು ಇರುತ್ತಿತ್ತು, ಕಡವಿನಲ್ಲಿ ಅಂಬಿಗ ಇರುತ್ತಿದ್ದ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿ ಅದು. ಕರಾವಳಿಯಲ್ಲಿ ಅಂಥದ್ದನ್ನು ಪಾತಿ ದೋಣಿ ಎನ್ನುತ್ತಾರೆ. ಮಾವಿನ ಮರದ್ದೇ ಜಾಸ್ತಿ. ಕಾಟುಮಾವು ದಪ್ಪ ಬೆಳೆಯುತ್ತದೆ, ಕೊರೆಯಲು ಸುಲಭ, ಬೆಲೆಯೂ ಕಡಿಮೆ. ಹೊಳೆ ದಾಟುವಷ್ಟಕ್ಕೆ ಅದು ಸಾಕಿತ್ತು.

ಆಚಾರ್ರು ಮೊದಲ ದಿನವೇ ಒಂದು ಮಾತು ಹೇಳಿದರು. "ತಂಗೀ, ಹೊಳೆ ದೋಣಿ ಬೇರೆ, ಹಿನ್ನೀರಿನ ದೋಣಿ ಬೇರೆ. ಹೊಳೇಲಿ ನೀರು ಓಡ್ತದೆ. ಇಲ್ಲಿ ಗಾಳಿ ಓಡ್ತದೆ."

ಇದನ್ನು ಅವರು ಬಿಡಿಸಿ ಹೇಳಿದ ಮೇಲೆ ನನಗೆ ನಮ್ಮ ಹಿನ್ನೀರೇ ಬೇರೆಯಾಗಿ ಕಾಣಲು ಶುರುವಾಯಿತು. ಹೊಳೆಯಲ್ಲಿ ಸೆಳವು ಒಂದು ಕಡೆಯಿಂದ ಬರುತ್ತದೆ, ಅಂಬಿಗನಿಗೆ ಅದು ಗೊತ್ತಿರುತ್ತದೆ. ಹಿನ್ನೀರಿನಲ್ಲಿ ಸೆಳವು ಇಲ್ಲ. ಆದರೆ ಕಿಲೋಮೀಟರ್‌ಗಟ್ಟಲೆ ತೆರೆದ ನೀರು. ಜೂನ್ ಜುಲೈನ ಗಾಳಿಗೆ ಅಲೆ ಏಳುತ್ತದೆ. ಸಮುದ್ರದ ಅಲೆಯ ಹಾಗೆ ಉದ್ದನೆಯದಲ್ಲ, ಗಿಡ್ಡ, ಒಂದರ ಹಿಂದೆ ಒಂದು. ಕೊರೆದ ದೋಣಿಗೆ ಅಗಲ ಕಡಿಮೆ, ಬದಿಯೂ ತಗ್ಗು. ಅಡ್ಡ ಅಲೆ ಬಂದರೆ ನೀರು ಒಳಗೆ ಹಾರುತ್ತದೆ.

ಇನ್ನೊಂದು ತೊಂದರೆ ನೀರಿನ ಒಳಗಿದೆ. ಕಾಡು ಮುಳುಗಿದ ಜಾಗ ಇದು. ಮರದ ಬೊಡ್ಡೆಗಳು ಇನ್ನೂ ಹಾಗೇ ನಿಂತಿವೆ. ನೀರಿನ ಅಡಿಯಲ್ಲಿ ಗಾಳಿ ತಾಗದ ಮರ ಬೇಗ ಕೊಳೆಯುವುದಿಲ್ಲ, ಅದಕ್ಕೇ ಅರವತ್ತು ವರ್ಷ ಆದರೂ ಇವೆ. ಮಳೆಗಾಲದಲ್ಲಿ ಅವು ಆಳದಲ್ಲಿರುತ್ತವೆ. ಫೆಬ್ರುವರಿ ಕಳೆದ ಮೇಲೆ ನೀರು ಇಳಿದಂತೆ ಒಂದೊಂದೇ ಮೇಲ್ಮೈಗೆ ಹತ್ತಿರ ಬರುತ್ತವೆ. ಕಾಣುವ ಬೊಡ್ಡೆಯಿಂದ ಭಯವಿಲ್ಲ. ನಾಲ್ಕು ಇಂಚು ನೀರಿನ ಕೆಳಗಿರುವುದೇ ಅಪಾಯ.

ದಡವೂ ಒಂದೇ ಕಡೆ ಇರುವುದಿಲ್ಲ. ಮಳೆಗಾಲದಲ್ಲಿ ತೋಟದ ಬೇಲಿಯ ಹತ್ತಿರ ಇದ್ದ ನೀರು ಏಪ್ರಿಲ್‌ನಲ್ಲಿ ಎಷ್ಟೋ ಕೆಳಗೆ ಹೋಗಿರುತ್ತದೆ. ನಡುವೆ ಕೆಂಪು ಕೆಸರಿನ ಇಳಿಜಾರು. ದೋಣಿಯನ್ನು ಅದರ ಮೇಲೆ ಎಳೆದು ತರಬೇಕು, ಮತ್ತೆ ಎಳೆದು ಇಳಿಸಬೇಕು. ಹಾಗಾಗಿ ಇಬ್ಬರು ಮೂವರು ಎಳೆಯುವಷ್ಟು ಹಗುರವಿರಬೇಕು, ಬೊಡ್ಡೆಗೆ ಬಡಿದರೆ ತಡೆಯುವಷ್ಟು ಗಟ್ಟಿ ಇರಬೇಕು, ಗಾಳಿಗೆ ತಡೆಯುವಷ್ಟು ಬದಿ ಎತ್ತರ ಇರಬೇಕು. ಈ ಮೂರೂ ಒಂದಕ್ಕೊಂದು ವಿರುದ್ಧ, ಅಲ್ವಾ? ಚಪ್ಪಟೆ ತಳದ, ಬದಿಗಳು ಹೊರಕ್ಕೆ ಓರೆಯಾದ, ಹಲಗೆಯ ದೋಣಿ ಈ ಮೂರಕ್ಕೂ ಸೇರಿ ಹುಟ್ಟಿದ ಉತ್ತರ. ಆಚಾರ್ರ ಅಪ್ಪ ಇಂಥ ದೋಣಿ ಕಟ್ಟಲು ಶುರು ಮಾಡಿದ್ದು ನೀರು ಬಂದ ಮೇಲೆ. ಅದಕ್ಕೆ ಮುಂಚೆ ಅವರು ಬಾಗಿಲು, ನೇಗಿಲು, ಗಾಡಿ ಮಾಡುತ್ತಿದ್ದ ಬಡಗಿ.

ಈಗ ಮರದ ಮಾತು. ಆಚಾರ್ರು ಹೆಬ್ಬಲಸು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಹಲಸಿನ ಜಾತಿಯದ್ದೇ, ಆದರೆ ಕಾಡಿನಲ್ಲಿ ಬಾನೆತ್ತರ ನೇರವಾಗಿ ಬೆಳೆಯುತ್ತದೆ. ಕೆಳಗಿನಿಂದ ಬಹಳ ಎತ್ತರದವರೆಗೂ ಕೊಂಬೆ ಇರುವುದಿಲ್ಲ. ಕೊಂಬೆ ಇಲ್ಲದಿದ್ದರೆ ಗಂಟು ಇಲ್ಲ, ಗಂಟು ಇಲ್ಲದಿದ್ದರೆ ಹಲಗೆ ಬಾಗುವಾಗ ಸೀಳುವುದಿಲ್ಲ. ನೀರಿಗೂ ಗೆದ್ದಲಿಗೂ ಚೆನ್ನಾಗಿ ತಡೆಯುತ್ತದೆ. ಕೇರಳದಲ್ಲಿ ಇದಕ್ಕೆ ಆಂಜಿಲಿ ಎನ್ನುತ್ತಾರೆ, ಅಲ್ಲಿನ ಓಟದ ಉದ್ದನೆಯ ಹಾವುದೋಣಿಗಳನ್ನು ಕಟ್ಟುವುದು ಇದರಿಂದಲೇ. ಸಾಗುವಾನಿ ಇದಕ್ಕಿಂತ ಒಳ್ಳೆಯದಿರಬಹುದು, ಆದರೆ ಅದರ ಬೆಲೆ ಕೇಳಿದರೆ ದೋಣಿಯ ಆಸೆಯನ್ನೇ ಬಿಡಬೇಕು. ಮತ್ತಿ ಗಟ್ಟಿ, ಆದರೆ ತುಂಬಾ ಭಾರ.

ನಮ್ಮ ಹಿತ್ತಲಿನ ಹಿಂದೆ ಇದ್ದ ಒಂದು ಹೆಬ್ಬಲಸು ಹಿಂದಿನ ಮಳೆಗಾಲದ ಗಾಳಿಗೆ ಉರುಳಿತ್ತು. ಅನುಮತಿ ಪಡೆದು ಮಿಲ್ಲಿನಲ್ಲಿ ಕೊಯ್ಸಿದೆವು. ಕೊಯ್ಸುವ ಮುಂಚೆ ಆಚಾರ್ರು ದಿಮ್ಮಿಯ ಉದ್ದಕ್ಕೂ ಬಾಚಿಯ ಹಿಂಬದಿಯಿಂದ ಕುಟ್ಟುತ್ತಾ ಹೋದರು. ಒಳಗೆ ಟೊಳ್ಳಿದ್ದರೆ, ಕೊಳೆತಿದ್ದರೆ ಸದ್ದು ಬದಲಾಗುತ್ತದೆ. ಒಂದು ಕಡೆ ನಿಂತು, "ಇಲ್ಲಿಂದ ಮುಂದೆ ಬೇಡ" ಎಂದರು. ಕೊಯ್ದಾಗ ನೋಡಿದರೆ ಅಲ್ಲಿಂದ ಮುಂದೆ ಹಲಗೆ ಕಪ್ಪಾಗಿತ್ತು. ನಮ್ಮ ಐಟಿಐ ಹುಡುಗ ಅವತ್ತಿನಿಂದ ಯಾವ ಮರ ಕಂಡರೂ ಕುಟ್ಟಿ ಕಿವಿ ಕೊಡುತ್ತಾನೆ.

ದಿಮ್ಮಿ ಕೊಯ್ಯುವುದರಲ್ಲೂ ಒಂದು ಲೆಕ್ಕವಿದೆ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದೇ ಇಲ್ಲ ಎನ್ನಬಹುದು. ಅಗಲಕ್ಕೆ ಕುಗ್ಗುತ್ತದೆ. ಅದರಲ್ಲೂ ಮರದೊಳಗಿನ ಬೆಳವಣಿಗೆಯ ಬಳೆಗಳ ಸುತ್ತಿನ ದಿಕ್ಕಿಗೆ ಆಗುವ ಕುಗ್ಗುವಿಕೆ, ನಡುವಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅದಕ್ಕೇ ಸುಮ್ನೆ ಒಂದೇ ಸಮ ಕೊಯ್ದ ಹಲಗೆ ಒಣಗಿದಾಗ ತಟ್ಟೆಯ ಆಕಾರಕ್ಕೆ ಬಾಗಿಕೊಳ್ಳುತ್ತದೆ. ಬಳೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವ ಹಾಗೆ ಕೊಯ್ದರೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಹಾಗೆ ಕೊಯ್ಯಲು ಹೋದರೆ ನಾಟಾ ಜಾಸ್ತಿ ವ್ಯರ್ಥವಾಗುತ್ತದೆ. ಮಿಲ್ಲಿನವರು ಬೇಡವೆಂದರು. ಆಚಾರ್ರು ಬಿಡಲಿಲ್ಲ. ತಳದ ಹಲಗೆಗೆ ಮಾತ್ರ ಹಾಗೆ ಕೊಯ್ಯಲಿ, ಬದಿಯದು ಹೇಗಾದರೂ ಇರಲಿ ಎಂದು ರಾಜಿ ಆಯಿತು.

ಹಲಗೆಗಳನ್ನು ಕೊಟ್ಟಿಗೆಯ ನೆರಳಿನಲ್ಲಿ, ನಡುವೆ ರೀಪು ಕೊಟ್ಟು, ಗಾಳಿ ಆಡುವ ಹಾಗೆ ಅಟ್ಟಿ ಹಾಕಿದೆವು. ಒಂದು ಇಂಚು ದಪ್ಪದ ಹಲಗೆ ಹೀಗೆ ಒಣಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು ಎನ್ನುವುದು ಬಡಗಿಗಳ ಲೆಕ್ಕ. ಆದರೆ ಬದಿಯ ಹಲಗೆ ಪೂರ್ತಿ ಒಣಗಬಾರದು. ಪೂರ್ತಿ ಒಣಗಿದ ಮರ ಬಾಗುವುದಿಲ್ಲ, ಮುರಿಯುತ್ತದೆ. ಅರೆ ಒಣಗಿದ್ದಾಗಲೇ ಬಾಗಿಸಬೇಕು. ಆಚಾರ್ರು ದಿನಾ ಬಂದು ಹಲಗೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಇನ್ನೂ ತಣ್ಣಗಿದೆ, ಇನ್ನೂ ಇರಲಿ. ಅಷ್ಟೇ ಮಾತು.

ಅಳತೆಗೆ ಅವರ ಹತ್ತಿರ ನಕ್ಷೆ ಇಲ್ಲ. ಒಂದು ಬಿದಿರಿನ ಕೋಲಿದೆ, ಅಪ್ಪನ ಕಾಲದ್ದು. ಅದರ ಮೇಲೆ ಕಚ್ಚುಗಳಿವೆ. ಈ ಕಚ್ಚಿನಿಂದ ಆ ಕಚ್ಚಿಗೆ ನಡುವಿನ ಅಗಲ, ಇಲ್ಲಿಂದ ಇಲ್ಲಿಗೆ ಹಿಂದಿನ ಅಗಲ, ಇದು ಬದಿಯ ಎತ್ತರ. ದೋಣಿಯ ಉದ್ದ ಎಷ್ಟೇ ಇರಲಿ, ಕೋಲನ್ನು ಎಷ್ಟು ಸಲ ಇಡಬೇಕು ಎನ್ನುವುದು ಮಾತ್ರ ಬದಲಾಗುತ್ತದೆ. ನನ್ನ ತಮ್ಮ ಟೇಪು ಹಿಡಿದು ಅದನ್ನೆಲ್ಲ ಬರೆದುಕೊಂಡ. ಉದ್ದ 14 ಅಡಿ, ನಡುವೆ ತಳದ ಅಗಲ ಮೂರೂವರೆ ಅಡಿ, ಬದಿಯ ಎತ್ತರ 16 ಇಂಚು.

ಈ ಅಳತೆಯಲ್ಲಿ ಎಷ್ಟು ಜನ ಕೂರಬಹುದು ಎಂದು ಒಂದು ಸಂಜೆ ಲೆಕ್ಕ ಹಾಕಿದೆವು. ಎರಡು ತುದಿಯೂ ಕಿರಿದಾಗುವುದರಿಂದ ತಳದ ವಿಸ್ತೀರ್ಣ ಸುಮಾರು 34 ಚದರ ಅಡಿ. ಒಂದು ಘನ ಅಡಿ ನೀರಿನ ತೂಕ ಸುಮಾರು 28 ಕೆ.ಜಿ. ಹಾಗಾದರೆ ದೋಣಿ ಒಂದು ಇಂಚು ಕೆಳಗಿಳಿದರೆ ಸುಮಾರು 80 ಕೆ.ಜಿ. ಭಾರ ಹೊರುತ್ತದೆ. ದೋಣಿಯದ್ದೇ ತೂಕ 150 ಕೆ.ಜಿ. ಹತ್ತಿರ, ಅಂದರೆ ಖಾಲಿ ಇದ್ದಾಗ ಎರಡು ಇಂಚು ಇಳಿದಿರುತ್ತದೆ. ಮೂರು ಜನ ಹತ್ತಿದರೆ ಇನ್ನು ಎರಡು ಇಂಚು ಮತ್ತು ಸ್ವಲ್ಪ. ಆಗಲೂ ನೀರಿನ ಮೇಲೆ ಬದಿ ಹತ್ತಿರ ಹತ್ತಿರ ಒಂದಡಿ ಉಳಿಯುತ್ತದೆ. ಈ ಲೆಕ್ಕವನ್ನು ಆಚಾರ್ರಿಗೆ ಹೇಳಿದೆ. ಅವರು ಕೇಳಿ, "ಮೂರು ಜನ, ಒಂದು ಮೂಟೆ. ಗಾಳಿ ಇದ್ರೆ ಮೂಟೆ ಬೇಡ" ಎಂದರು. ಅಪ್ಪ ಅವರಿಗೆ ಹೇಳಿಕೊಟ್ಟ ಲೆಕ್ಕ ಅದು.

ಕಟ್ಟುವ ಕೆಲಸ ನಾನು ಅಂದುಕೊಂಡಿದ್ದಕ್ಕಿಂತ ಬೇರೆ ಥರ ಶುರುವಾಯಿತು. ಮೊದಲು ತಳ, ಆಮೇಲೆ ಗೋಡೆ ಎನ್ನುವುದು ಮನೆಯ ಕ್ರಮ. ಇಲ್ಲಿ ಮೊದಲು ಬದಿಗಳು. ಎರಡು ಬದಿಯ ಹಲಗೆಗಳನ್ನು ಮುಂದೆ ಮೂತಿಯ ಕಂಬಕ್ಕೆ ಸೇರಿಸಿ, ನಡುವೆ ಒಂದು ತಾತ್ಕಾಲಿಕ ಚೌಕಟ್ಟು ನಿಲ್ಲಿಸಿ, ಹಗ್ಗ ಹಾಕಿ ಬಿಗಿಯುತ್ತಾ ಹಿಂದಿನ ಅಡ್ಡ ಹಲಗೆಗೆ ತರುತ್ತಾರೆ. ಚೌಕಟ್ಟು ಮೇಲೆ ಅಗಲ, ಕೆಳಗೆ ಕಿರಿದು. ಅದಕ್ಕೆ ಒರಗಿ ಹಲಗೆ ಹೊರಕ್ಕೆ ವಾಲಿ ಬಾಗುತ್ತದೆ.

ಆಗ ಒಂದು ಸೊಗಸಾದ ಸಂಗತಿ ನಡೆಯುತ್ತದೆ. ಎರಡೂ ಅಂಚು ನೇರ ಇರುವ ಹಲಗೆ ಅದು. ಹೀಗೆ ವಾಲಿಸಿ ಬಾಗಿಸಿದಾಗ ಅದರ ಎರಡು ತುದಿಗಳೂ ತಾವಾಗಿಯೇ ಮೇಲೆ ಏಳುತ್ತವೆ. ಮೂತಿ ಎತ್ತರವಾಗುತ್ತದೆ, ಹಿಂಭಾಗವೂ ಸ್ವಲ್ಪ ಎತ್ತರವಾಗುತ್ತದೆ, ತಳಕ್ಕೆ ಉದ್ದಕ್ಕೂ ಒಂದು ಮೆಲ್ಲನೆಯ ಬಾಗು ಬರುತ್ತದೆ. ಯಾರೂ ಆ ಬಾಗನ್ನು ಗೆರೆ ಹಾಕಿ ಕತ್ತರಿಸಿಲ್ಲ. ನಂಬಿಕೆ ಬಾರದಿದ್ದರೆ ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ತೆಗೆದುಕೊಂಡು, ಮೇಲೆ ಅಗಲ ಕೆಳಗೆ ಕಿರಿದಾದ ಬಕೆಟ್ಟಿಗೆ ಹೊರಗಿನಿಂದ ಸುತ್ತಿ ನೋಡಿ. ನಡು ತಗ್ಗಾಗಿ ತುದಿಗಳು ಮೇಲೆ ಹೋಗುತ್ತವೆ. ಬದಿ ಎಷ್ಟು ವಾಲಿದರೆ ತಳ ಎಷ್ಟು ಬಾಗುತ್ತದೆ ಎಂಬುದು ಆಚಾರ್ರ ಕೋಲಿನ ಕಚ್ಚಿನಲ್ಲೇ ಅಡಗಿದೆ. ಈ ಬಾಗು ಇದ್ದರೆ ದೋಣಿ ನಿಂತಲ್ಲೇ ಸುಲಭವಾಗಿ ತಿರುಗುತ್ತದೆ. ಬೊಡ್ಡೆಗಳ ನಡುವೆ ಹೋಗುವವರಿಗೆ ಅದು ಜೀವ ಉಳಿಸುವ ಗುಣ.

ಬಾಗಿಸಲು ಶಾಖ ಬೇಕು. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಎಂಬ ಅಂಟು ಹಸಿ ಶಾಖಕ್ಕೆ ಮೆತ್ತಗಾಗುತ್ತದೆ. ಬೇರೆ ದೇಶಗಳಲ್ಲಿ ಇದಕ್ಕೆ ಹಬೆಯ ಪೆಟ್ಟಿಗೆ ಮಾಡುತ್ತಾರೆ, ಒಂದು ಇಂಚು ದಪ್ಪಕ್ಕೆ ಒಂದು ಗಂಟೆ ಹಬೆ ಎನ್ನುವುದು ಅಲ್ಲಿನ ರೂಢಿ. ನಮ್ಮಲ್ಲಿ ಬಚ್ಚಲಿನ ಹಂಡೆ, ಗೋಣಿಚೀಲ. ಮುಕ್ಕಾಲು ಇಂಚಿನ ಹಲಗೆಗೆ ಒದ್ದೆ ಗೋಣಿ ಸುತ್ತಿ, ಕುದಿಯುವ ನೀರನ್ನು ಮತ್ತೆ ಮತ್ತೆ ಸುರಿದೆವು. ಹಂಡೆಯ ಒಲೆಗೆ ಬೆಂಕಿ ತಗ್ಗದ ಹಾಗೆ ಅಮ್ಮ ನೋಡಿಕೊಂಡರು. ಹಗ್ಗದ ನಡುವೆ ಕೋಲು ಹಾಕಿ ತಿರುಚುತ್ತಾ ಆಚಾರ್ರು ಒಂದು ತಿರುಚು, ಒಂದು ನಿಲುಗಡೆ, ಮತ್ತೆ ಒಂದು ತಿರುಚು. ಅವಸರ ಮಾಡಿದ ಹುಡುಗನಿಗೆ, "ಅದಕ್ಕೂ ಸ್ವಲ್ಪ ಟೈಮ್ ಕೊಡು ಮಾರಾಯ" ಎಂದರು. ಕೊನೆಗೆ ಹಲಗೆ ಬಂದು ಹಿಂದಿನ ಅಡ್ಡ ಹಲಗೆಯನ್ನು ಮುಟ್ಟಿತು. ಒಂದೂ ಸೀಳು ಇಲ್ಲ. ಅವತ್ತು ಎಲ್ಲರೂ ಅಂಗಳದಲ್ಲೇ ಕೂತು ಊಟ ಮಾಡಿದೆವು.

ಒಳಗಿನ ಮೂಲೆಗಳಿಗೆ ಹಲಸಿನ ಕವಲು. ಕೊಂಬೆ ಕಾಂಡದಿಂದ ಒಡೆಯುವ ಜಾಗದಲ್ಲಿ ಮರದ ಎಳೆಯೇ ತಿರುಗಿರುತ್ತದೆ. ಅಂಥ ತುಂಡನ್ನು ತಳ ಮತ್ತು ಬದಿ ಸೇರುವ ಮೂಲೆಗೆ ಇಟ್ಟರೆ ಎಷ್ಟು ಭಾರ ಬಿದ್ದರೂ ಮುರಿಯುವುದಿಲ್ಲ. ನೇರ ಹಲಗೆಯನ್ನು ಬಾಗಿದ ಆಕಾರಕ್ಕೆ ಕತ್ತರಿಸಿದರೆ ಎಳೆ ತುಂಡಾಗುತ್ತದೆ, ಅಲ್ಲೇ ಸೀಳುತ್ತದೆ. ಆಚಾರ್ರು ಸೌದೆ ರಾಶಿಯಲ್ಲಿ ಹುಡುಕಿ ಹುಡುಕಿ ಬೇಕಾದ ತಿರುವಿನ ಕವಲುಗಳನ್ನು ಆರಿಸಿದರು. ಕೆಲವು ನಮ್ಮ ಕಣ್ಣಿಗೆ ಒಲೆಗೆ ಹಾಕುವ ತುಂಡುಗಳು. ಅವರಿಗೆ ಅದು ಎಡಬದಿಯ ಮೂರನೆಯದು, ಇದು ಬಲಬದಿಯ ಎರಡನೆಯದು. ಬಾಚಿಯಿಂದ ನಾಲ್ಕು ಏಟು, ಕೂರಿಸಿ ನೋಡು, ಮತ್ತೆ ಎರಡು ಏಟು. ಬಾಚಿ ಹಿಡಿದ ಅವರ ಕೈಯಲ್ಲಿ ನಡುಕ ಕಾಣಲಿಲ್ಲ. ಟೀ ಲೋಟ ಹಿಡಿದಾಗ ಮಾತ್ರ ಕಾಣುತ್ತಿತ್ತು.

ತಳದ ಹಲಗೆಗಳು ಒಂದೂಕಾಲು ಇಂಚು ದಪ್ಪ. ಅಡ್ಡಕ್ಕೆ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಇಲ್ಲಿ ಉದ್ದಕ್ಕೇ ಹಾಕಬೇಕು. ಕೆಸರಿನಲ್ಲಿ ಎಳೆಯುವಾಗ, ಬೊಡ್ಡೆಯ ಮೇಲೆ ಜಾರುವಾಗ ಮರದ ಎಳೆಯ ದಿಕ್ಕಿಗೇ ಉಜ್ಜುತ್ತದೆ, ಸಿಬಿರು ಏಳುವುದಿಲ್ಲ. ಅಂಚಿಗೆ ಅಂಚು ಕೂಡಿಸಲು ಕೀಸುಳಿ ಹಿಡಿದು ಕೂತದ್ದು ನಮ್ಮ ಹುಡುಗ. ಎರಡು ಹಲಗೆ ಸೇರಿಸಿ ಹಿಡಿದು ಬಿಸಿಲಿಗೆ ನೋಡುವುದು, ಬೆಳಕು ಕಂಡಲ್ಲಿ ಮತ್ತೆ ಕೀಸುವುದು. ಬೇಸರದ ಕೆಲಸ ಇದೇ. ಇದನ್ನು ಚೆನ್ನಾಗಿ ಮಾಡಿದರೆ ಮುಂದಿನ ಅರ್ಧ ಕಷ್ಟ ಕಡಿಮೆ.

ಮೊಳೆಗೆ ಮೊದಲು ಬೈರಿಗೆಯಿಂದ ತೂತು, ಮೊಳೆಯನ್ನು ಎಣ್ಣೆಯಲ್ಲಿ ಅದ್ದಿ ಹೊರಗಿನಿಂದ ಹೊಡೆದು, ಒಳಗೆ ಬಂದ ತುದಿಯನ್ನು ಮರದ ಎಳೆಗೆ ಅಡ್ಡವಾಗಿ ಮಡಚಿ ಮತ್ತೆ ಮರದೊಳಕ್ಕೇ ಕೂರಿಸುವುದು. ಹೀಗೆ ಮಾಡಿದ ಮೊಳೆ ಅಲ್ಲಾಡುವುದಿಲ್ಲ. ನಾವು ತಾಮ್ರದ ಮೊಳೆ ತಂದಿದ್ದೆವು, ತುಕ್ಕಿನ ಚಿಂತೆ ಇಲ್ಲ. ಕೇರಳದ ಕೆಟ್ಟುವಳ್ಳ ಎಂಬ ದೋಣಿಗಳಲ್ಲಿ ಮೊಳೆಯೇ ಇಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ. ಆಚಾರ್ರು ಹೊಲಿದ ದೋಣಿಯನ್ನು ಹೊನ್ನಾವರದ ಕಡೆ ಚಿಕ್ಕವರಿದ್ದಾಗ ನೋಡಿದ್ದರಂತೆ. ಅದರ ಬಗ್ಗೆ ಕೇಳಿದಾಗಲೆಲ್ಲ ಕೆಲಸ ನಿಲ್ಲಿಸಿ ಕೈಯಲ್ಲೇ ಹೊಲಿಗೆ ತೋರಿಸುತ್ತಿದ್ದರು.

ಸಂದಿ ಮುಚ್ಚುವುದಕ್ಕೆ ಹತ್ತಿ, ರಾಳ, ಎಣ್ಣೆ. ರಾಳಧೂಪದ ಮರ ನಮ್ಮ ಘಟ್ಟದ ಕಾಡಿನದ್ದೇ. ಅದರ ಕಪ್ಪು ಅಂಟನ್ನು ಪುಡಿ ಮಾಡಿ ಎಣ್ಣೆಯಲ್ಲಿ ಕರಗಿಸಬೇಕು. ಮನೆಯಿಂದ ದೂರ, ಬಯಲಿನಲ್ಲಿ, ಸಣ್ಣ ಉರಿಯಲ್ಲಿ. ರಾಳಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಹಿಂದೆ ಹೊನ್ನೆ ಎಣ್ಣೆ ಬಳಸುತ್ತಿದ್ದರು, ದೀಪಕ್ಕೆ ಹಾಕುತ್ತಿದ್ದ ಅದೇ ಎಣ್ಣೆ. ನಮಗೆ ಸ್ವಲ್ಪ ಸಿಕ್ಕಿತು. ಹತ್ತಿಯನ್ನು ಬತ್ತಿ ಹೊಸೆದು, ಎಣ್ಣೆಯಲ್ಲಿ ನೆನೆಸಿ, ಮೊಂಡು ಉಳಿ ಮತ್ತು ಕೊಡತಿಯಿಂದ ಸಂದಿಗೆ ಬಡಿದು ಕೂರಿಸುವುದು. ಅದರ ಮೇಲೆ ಬಿಸಿ ರಾಳ. ಹದ ದೋಸೆ ಹಿಟ್ಟಿನಷ್ಟಿರಬೇಕು. ಒಂದು ಹನಿಯನ್ನು ತಣ್ಣನೆ ಕಲ್ಲಿನ ಮೇಲೆ ಬಿಟ್ಟು ಉಗುರಿನಿಂದ ಒತ್ತಿ ನೋಡುತ್ತಾರೆ. ಪುಡಿಯಾದರೆ ಎಣ್ಣೆ ಸಾಲದು. ಅಂಟಿದರೆ ಎಣ್ಣೆ ಜಾಸ್ತಿ. ಉಗುರಿನ ಗುರುತು ಬಿದ್ದು ಬಿಟ್ಟುಕೊಂಡರೆ ಸರಿ.

ಹೊರಮೈಗೆಲ್ಲ ಗೇರುಬೀಜದ ಸಿಪ್ಪೆಯ ಎಣ್ಣೆ. ಕರಾವಳಿಯಿಂದ ತರಿಸಿದ್ದು. ಅದು ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬಾರದು. ಹುಳ ದೂರ ಇರುವುದೂ ಅದೇ ಕಾರಣಕ್ಕೆ. ಎರಡು ಸಲ ಬಳಿದು, ಒಣಗಲು ಬಿಟ್ಟೆವು. ಹಳದಿಯಿದ್ದ ಹೆಬ್ಬಲಸು ಕಡು ಕಂದು ಬಣ್ಣಕ್ಕೆ ಬಂತು.

ದೋಣಿ ನಡೆಸುವ ಹುಟ್ಟಿನ ಬಗ್ಗೆ ಒಂದು ಮಾತು. ಹುಟ್ಟಿಗೆ ದಡಸಲು ಮರವೇ ಆಗಬೇಕು ಎಂದು ಆಚಾರ್ರು ಹಟ ಹಿಡಿದರು. ಕೊಡಲಿ ಕಾವಿಗೆ, ಗುದ್ದಲಿ ಕಾವಿಗೆ ನಮ್ಮವರು ಹುಡುಕುವ ಮರ ಅದು. ಬಗ್ಗುತ್ತದೆ, ಮುರಿಯುವುದಿಲ್ಲ. ಎಂಟು ಅಡಿ ಉದ್ದ, ಅದರಲ್ಲಿ ಮೂರರಲ್ಲಿ ಒಂದು ಭಾಗ ದೋಣಿಯ ಒಳಗೆ, ಉಳಿದದ್ದು ಹೊರಗೆ. ಬದಿಯ ಮೇಲೆ ಗೂಟ, ಗೂಟಕ್ಕೆ ಹಗ್ಗದ ಕುಣಿಕೆ, ಕುಣಿಕೆಯೊಳಗೆ ಹುಟ್ಟು. ಕಬ್ಬಿಣದ ಕೊಂಡಿ ಹಾಕಬಹುದಿತ್ತು. ಆದರೆ ಹಗ್ಗ ಸದ್ದು ಮಾಡುವುದಿಲ್ಲ, ಸವೆದರೆ ಮನೆಯಲ್ಲೇ ಬದಲಿಸಬಹುದು.

ನೀರಿಗೆ ಇಳಿಸಿದ ದಿನ ಪೂಜೆ ಆಯಿತು, ಕಾಯಿ ಒಡೆದೆವು, ಮೂತಿಗೆ ಕುಂಕುಮ ಹಚ್ಚಿದರು. ಆಮೇಲೆ ಆಚಾರ್ರು ಯಾರನ್ನೂ ಹತ್ತಲು ಬಿಡಲಿಲ್ಲ. ದಡದ ಹತ್ತಿರ ಕಟ್ಟಿ, ಒಳಗೂ ನೀರು ತುಂಬಿಸಿ ಹಾಗೇ ಬಿಟ್ಟರು. ಹಲಗೆ ನೀರು ಕುಡಿದು ಊದಬೇಕು. ಒಣಗುವಾಗ ಅಗಲಕ್ಕೆ ಕುಗ್ಗಿದ ಮರ ನೀರು ಕುಡಿದಾಗ ಅಗಲಕ್ಕೇ ಹಿಗ್ಗುತ್ತದೆ. ಅಂಚು ಅಂಚನ್ನು ಒತ್ತುತ್ತದೆ, ನಡುವಿನ ಹತ್ತಿ ಬಿಗಿಯಾಗುತ್ತದೆ. ಮೊದಲು ನಾಲ್ಕಾರು ಕಡೆ ಜಿನುಗುತ್ತಿದ್ದ ನೀರು ಆಮೇಲೆ ನಿಂತಿತು. ಬಣ್ಣ ಬಳಿದು, ಅಂಟು ಹಾಕಿ ಗಟ್ಟಿ ಮಾಡಿದ ಫೈಬರ್ ದೋಣಿಗಿಂತ ಇದು ಹೇಗೆ ಬೇರೆ ಎಂದು ನನಗೆ ಆಗ ತಿಳಿಯಿತು. ಈ ದೋಣಿಯ ಕೊನೆಯ ಕೆಲಸ ಮಾಡುವುದು ನೀರು.

ಈಗ ಸೇತುವೆಯ ಮಾತು ಬರಲೇಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದ, ನಡುವೆ ಕೇಬಲ್‌ಗಳಿಂದ ತೂಗುಹಾಕಿದ ಭಾಗ. ಅಷ್ಟು ವರ್ಷ ಸಿಗಂದೂರಿಗೆ, ತುಮರಿಗೆ ಹೋಗುವವರೆಲ್ಲ ಲಾಂಚಿಗೆ ಕಾದರು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚು ವಾಹನ ಹತ್ತಿಸುತ್ತಿರಲಿಲ್ಲ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿ ಆಚೆ ದಡದಲ್ಲೇ. ಸೇತುವೆ ಆದದ್ದು ನನಗೆ ತುಂಬಾ ಸಂತೋಷ. ರಾತ್ರಿ ಆಂಬುಲೆನ್ಸ್ ಸಲೀಸಾಗಿ ದಾಟುವುದನ್ನು ನೋಡಿದಾಗ ನಮ್ಮ ದೊಡ್ಡಮ್ಮ ಕಣ್ಣೀರು ಹಾಕಿದರು. ಅವರು ಕಂಡದ್ದನ್ನು ನಾವು ಕಂಡಿಲ್ಲ. ಹಳೆಯ ದಿನಗಳೇ ಚೆನ್ನಾಗಿದ್ದವು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದರೆ ಕಷ್ಟ ಹೋಗಲಿ ಎಂದರೆ ಕೆಲಸವೂ ಹೋಗಲಿ ಎಂದು ಅರ್ಥವಲ್ಲ. ಎಸ್ಟೋನಿ‌ಯಾ ಎಂಬ ಪುಟ್ಟ ದೇಶದಲ್ಲಿ ಸೋಮಾ ಎನ್ನುವ ಜವುಗು ನಾಡಿದೆ. ಅಲ್ಲಿ ಪ್ರತಿವರ್ಷ ನೆರೆ ಬರುತ್ತದೆ, ಜನ ಒಂದೇ ದಿಮ್ಮಿ ಕೊರೆದು, ಬೆಂಕಿಯ ಶಾಖಕ್ಕೆ ಅಗಲ ಮಾಡಿದ ದೋಣಿ ಕಟ್ಟುತ್ತಿದ್ದರು. ಅವರಿಗೂ ರಸ್ತೆ ಬಂತು, ದೋಣಿ ಕಟ್ಟುವವರು ಬೆರಳೆಣಿಕೆಯಷ್ಟಾದರು. 2021ರಲ್ಲಿ ಯುನೆಸ್ಕೋ ಆ ಕೆಲಸವನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಲ್ಲಿನವರು ಕಿರಿಯರಿಗೆ ಕಲಿಸುತ್ತಿದ್ದಾರೆ. ನಮ್ಮಲ್ಲಿ ಹಸೆ ಚಿತ್ತಾರ, ಡೊಳ್ಳು, ಯಕ್ಷಗಾನ ನಮ್ಮ ಪರಂಪರೆ ಎಂದು ಎದೆಯುಬ್ಬಿಸಿ ಹೇಳುತ್ತೇವೆ. ಹೇಳಲೇಬೇಕು. ಮುಳುಗಡೆಯ ಮಂದಿ ಕಟ್ಟಿದ ದೋಣಿಯೂ ಅದೇ ಸಾಲಿನಲ್ಲಿ ಕೂರಬೇಕು ಎನ್ನುವುದು ನನ್ನ ಆಸೆ. ಅದು ರಾಜಮನೆತನದ ಕಾಲದ್ದಲ್ಲ, ಅರವತ್ತು ವರ್ಷದ್ದು. ಅಷ್ಟು ಹತ್ತಿರದ್ದು ಎಂಬ ಕಾರಣಕ್ಕೇ ಅದನ್ನು ಯಾರೂ ಗಮನಿಸುತ್ತಿಲ್ಲ ಅನಿಸುತ್ತದೆ.

ನಾವು ಮಾಡಿದ್ದು ಇಷ್ಟು. ಕೋಲಿನ ಪ್ರತಿ ಕಚ್ಚನ್ನೂ ಅಳೆದು ಬರೆದಿಟ್ಟಿದ್ದೇವೆ. ಬದಿಯ ಹಲಗೆ, ಹಿಂದಿನ ಅಡ್ಡ ಹಲಗೆ, ಎಲ್ಲ ಕವಲುಗಳ ಆಕಾರವನ್ನು ದೊಡ್ಡ ಕಾಗದದ ಮೇಲೆ ಇಟ್ಟು ಗೆರೆ ಎಳೆದುಕೊಂಡಿದ್ದೇವೆ. ರಾಳ ಕಾಯಿಸುವುದನ್ನು, ಹಲಗೆ ಬಾಗಿಸುವುದನ್ನು ನನ್ನ ತಮ್ಮ ಮೊಬೈಲಿನಲ್ಲಿ ಪೂರ್ತಿ ಹಿಡಿದಿದ್ದಾನೆ. ಆದರೆ ವಿಡಿಯೋದಲ್ಲಿ ದಿಮ್ಮಿ ಕುಟ್ಟಿದ ಸದ್ದು ಕೇಳಿಸುತ್ತದೆ, ಯಾವುದು ಕೊಳೆತ ಸದ್ದು ಎಂದು ಗೊತ್ತಾಗುವುದಿಲ್ಲ. ಹಲಗೆ ಎಷ್ಟು ತಣ್ಣಗಿದ್ದರೆ ಬಾಗುತ್ತದೆ ಎನ್ನುವುದಂತೂ ಅಂಗೈಯಿಂದ ಅಂಗೈಗೆ ಮಾತ್ರ ಹೋಗುವ ವಿಷಯ. ಹುಡುಗ ಅದನ್ನು ಸ್ವಲ್ಪ ಹಿಡಿದಿದ್ದಾನೆ. ಇನ್ನೂ ಒಂದೆರಡು ದೋಣಿ ಆದರೆ ಪೂರ್ತಿ ಹಿಡಿಯುತ್ತಾನೆ ಎಂದು ಆಚಾರ್ರು ಹೇಳುತ್ತಾರೆ.

ದೋಣಿಯನ್ನು ನೋಡಲು ಬರುವವರಿಗೆ ಒಂದು ಮಾತು. ಹತ್ತುವ ಮೊದಲು ಲೈಫ್ ಜಾಕೆಟ್ ಹಾಕಿಕೊಳ್ಳಬೇಕು. ಈಜು ಬರುತ್ತದೆ ಎನ್ನುವವರೂ ಹಾಕಬೇಕು, ಇಷ್ಟು ಆಳದ ನೀರಿನಲ್ಲಿ ಈಜಿನ ಮಾತು ನಡೆಯುವುದಿಲ್ಲ. ಗಾಳಿ ಇದ್ದ ದಿನ ಇಳಿಸುವುದಿಲ್ಲ. ಮೂರಕ್ಕಿಂತ ಜಾಸ್ತಿ ಜನ ಇಲ್ಲ. ಈ ವಿಷಯದಲ್ಲಿ ಆಚಾರ್ರು ಯಾರ ಮುಖವನ್ನೂ ನೋಡುವುದಿಲ್ಲ.

ಆಚೆ ದಡದಲ್ಲಿ ಮೀನು ಹಿಡಿಯುವ ಮನೆಯವರೊಬ್ಬರು ಬಂದು ನೋಡಿ ಹೋದರು. ತಳ ಬಡಿದು ನೋಡಿದರು, ಹುಟ್ಟು ಹಾಕಿ ಒಂದು ಸುತ್ತು ಬಂದರು. ಇದೇ ಥರದ್ದು, ಎರಡಡಿ ಚಿಕ್ಕದು, ತಮಗೊಂದು ಬೇಕು ಎಂದಿದ್ದಾರೆ. ಆಚಾರ್ರು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಈ ಸಲ ಬಾಚಿ ಹಿಡಿಯುವುದು ಹುಡುಗ, ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೂಲಿ ಅವನಿಗೇ. ಅದಕ್ಕೆ ಹದಿಮೂರು ಅಡಿ ಉದ್ದದ, ಗಂಟಿಲ್ಲದ ಹೆಬ್ಬಲಸಿನ ದಿಮ್ಮಿ ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರ ಹಿತ್ತಲಿನಲ್ಲಾದರೂ ಗಾಳಿಗೆ ಬಿದ್ದ ಮರವಿದ್ದರೆ ದಯವಿಟ್ಟು ತಿಳಿಸಿ. ಮಳೆ ಶುರುವಾಗುವ ಮೊದಲು ಕೊಯ್ಸಿ ಕೊಟ್ಟಿಗೆಗೆ ಸೇರಿಸಬೇಕು.